ಮೊಬೈಲ್ ಹೊಲದ ಪಂಚನಾಮೆ

ಐವತ್ಮೂರನೆಯ ವಯಸ್ಸಿನಲ್ಲಿ ಮೊಬೈಲ್ ಆಟದ ಕಂಪನಿಯ ಮೇಲೆ ಮುನಿಸಿಕೊಳ್ಳುವುದು ಮರ್ಯಾದಸ್ಥರು ಹೇಳಿಕೊಳ್ಳುವ ವಿಷಯವಲ್ಲ. ಆದರೂ ಹೇಳುತ್ತೇನೆ. ನಾನು ಜಮೀನಿನ ಕಾಗದಪತ್ರ ನೋಡುವ ಗುಮಾಸ್ತ. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಕುರ್ಚಿ ಸವೆಸಿದ್ದೇನೆ. ದಿನವಿಡೀ ಕಂಡವರ ಹೊಲದ ಕಾಗದ ತಿರುವಿ ಸಾಕಾಗಿ, ಮೊಬೈಲಿನಲ್ಲಿ ನನ್ನದೇ ಒಂದು ಹೊಲ ಮಾಡಿಕೊಂಡಿದ್ದೆ. ಆ ಆಟದಲ್ಲಿ ತೊಗರಿಯಿಲ್ಲ, ಸ್ಟ್ರಾಬೆರಿ ಬೆಳೆಯಬೇಕು. ಒಮ್ಮೆಯೂ ಬಾಯಿಗಿಟ್ಟು ನೋಡದ ಹಣ್ಣನ್ನು ಮೂರು ವರ್ಷ ಮುತುವರ್ಜಿಯಿಂದ ಬೆಳೆದೆ. ಎರಡು ಆಕಳು, ಒಂದು ಬಾವಿ ಇದ್ದವು; ಬದುವಿಗೊಂದು ಬೇವಿನ ಗಿಡ ಮಾತ್ರ ಕೊಡಲಿಲ್ಲವಲ್ಲ ಎಂಬ ಕೊರಗು, ಹೀಗೆ ಸಾಗಿತ್ತು ನನ್ನ ಒಕ್ಕಲುತನ.

ಕಳೆದ ತಿಂಗಳು ಆಟ ಅಪ್‌ಡೇಟ್ ಆಯಿತು. ತೆರೆದರೆ ಹೊಲ ಬಟಾಬಯಲು! ಆಕಳಿಲ್ಲ, ಬಾವಿಯಿಲ್ಲ, 'ಹೊಸ ರೈತರಿಗೆ ಸ್ವಾಗತ' ಎಂಬ ಫಲಕವೊಂದು ನಿಂತಿದೆ. ಮೊಬೈಲ್ ಹಿಡಿದುಕೊಂಡು ಹಾಗೇ ಕುಳಿತುಬಿಟ್ಟೆ.

"ಯಾಕ್ರಿ, ಹಿಂಗ್ಯಾಕ ಕುಂತೀರಿ?" ಎಂದಳು ಹೆಂಡತಿ ಶಾಂತಾ.

"ಹೊಲ ಹೋತು."

"ಅಯ್ಯ, ನಮಗೆಲ್ಲಿ ಹೊಲ ಅದರಿ, ಹೋಗಾಕ?"

ದೂರು ಕೊಟ್ಟೆ. ಸಮಾಧಾನಕ್ಕೆಂದು ಕಂಪನಿಯವರು ಬಂಗಾರದ ನೇಗಿಲೊಂದನ್ನು ಕಳಿಸಿದರು. ಹೊಲವೇ ಇಲ್ಲದವನಿಗೆ ನೇಗಿಲು! ಮೈಯೆಲ್ಲ ಉರಿದುಹೋಯಿತು. ಆಟವನ್ನೇ ಅಳಿಸಿಹಾಕುವ ಮುನ್ನ ನನ್ನ ಸರ್ವೀಸು ಎಂಥದೆಂದು ತೋರಿಸಿಬಿಡೋಣ ಎಂದು ಪಂಚನಾಮೆ ಬರೆದೆ. 'ಸದರಿ ಹೊಲದಲ್ಲಿ ಸ್ಟ್ರಾಬೆರಿ ಬೆಳೆ, ಎರಡು ಆಕಳು ಹಾಗೂ ಒಂದು ಬಾವಿ ಇದ್ದುದನ್ನು ನಾವು ಕಣ್ಣಾರೆ ಕಂಡಿರುತ್ತೇವೆ.' ಚತುಸ್ಸೀಮೆಯನ್ನೂ ಬಿಡಲಿಲ್ಲ. ಉತ್ತರಕ್ಕೆ ಬ್ಯಾಟರಿಯ ಗುರುತು ಇದೆ ಎಂದು ನಮೂದಿಸಿದೆ. ಚಹಾದಂಗಡಿಯಲ್ಲಿ ಐದು ಜನರ ಸಹಿ ಹಾಕಿಸಿದೆ. ಅಂಗಡಿಯ ಬಸಣ್ಣ, "ಸಾಹೇಬ್ರ, ಮುಂದ ಕೋರ್ಟಿಗಿ ಕರೀತಾರೇನ್ರಿ?" ಎಂದು ಖಾತ್ರಿ ಮಾಡಿಕೊಂಡೇ ಪೆನ್ನು ಹಿಡಿದ. ಆ ಪಂಚನಾಮೆಯ ಫೋಟೊ ತೆಗೆದು ಕಂಪನಿಗೆ ಕಳಿಸಿದೆ.

ನಾಲ್ಕನೆಯ ದಿನ ಉತ್ತರ ಬಂತು, ಅದೂ ಕನ್ನಡದಲ್ಲಿ: 'ತಪ್ಪು ನಮ್ಮದು. ನಿಮ್ಮ ಹೊಲದ ದಾಖಲೆ ನಮ್ಮ ಬಳಿಯೇ ಇತ್ತು, ನಾವೇ ನೋಡಬೇಕಿತ್ತು. ಸಾಕ್ಷಿದಾರರಿಗೂ ತೊಂದರೆಯಾಯಿತು, ಕ್ಷಮಿಸಿ.' ಆಟ ತೆರೆದೆ. ಎರಡೂ ಆಕಳು ಬಾವಿಯ ಪಕ್ಕದಲ್ಲೇ ನಿಂತಿದ್ದವು. ಅಬ್ಬಾ, ಹೋದ ಜೀವ ಬಂತು! ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮುನಿದ ಆಟಗಾರನನ್ನು ಕರೆತರಲು ಬಂಗಾರ ಬೇಡ. ಅವನದನ್ನು ಅವನಿಗೆ ಕೊಟ್ಟು, ತಪ್ಪಾಯಿತು ಎಂದರೆ ಸಾಕು. ಈ ಉಪದೇಶವನ್ನು ಶಾಂತಾಳಿಗೂ ಬಸಣ್ಣನಿಗೂ ಎರಡೆರಡು ಸಲ ಮಾಡಿದೆ.

ಮರುದಿನ ಕಚೇರಿಗೆ ನೀಲಮ್ಮ ಬಂದಳು. ಕಂಪ್ಯೂಟರು ಬದಲಾದಾಗ ಈ ಮುದುಕಿಯ ಹೆಸರು ಪಹಣಿಯಿಂದ ಬಿಟ್ಟುಹೋಗಿತ್ತು. ಹಿಂದಿನ ವಾರ ನಾನೇ, "ಐದು ಮಂದಿ ಪಂಚರ ಸಹಿ ತಗೊಂಡು ಬರ್ರಿ" ಎಂದು ಸಾಗಹಾಕಿದ್ದೆ. ಪಾಪ, ಐದೂ ಸಹಿ ತಂದಿದ್ದಳು. ಆ ಕಾಗದ ಕೈಗೆ ಬಂದದ್ದೇ ನನಗೆ ಆಕಳು, ಬಾವಿ ಎಲ್ಲ ನೆನಪಾಗಿ ನಾಚಿಕೆಯಾಯಿತು. ಹಳೆಯ ದಾಖಲೆ ಪುಸ್ತಕ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಎದ್ದು ತೆಗೆದೆ. ಎರಡೇ ನಿಮಿಷ, ನೀಲಮ್ಮನ ಹೆಸರು ಸಿಕ್ಕಿತು.

"ತಪ್ಪು ನಮ್ಮದದ ಯವ್ವಾ. ನಾವೇ ನೋಡಬೇಕಾಗಿತ್ತು. ಇವತ್ತೇ ಸರಿ ಮಾಡಿ ಕೊಡ್ತೇನಿ, ಕೂಡ್ರಿ," ಎಂದೆ.

ನೀಲಮ್ಮ ಕೂರಲಿಲ್ಲ. ಗಾಬರಿಯಿಂದ ನನ್ನ ಮುಖವನ್ನೇ ನೋಡಿ ಮೆತ್ತಗೆ ಕೇಳಿದಳು:

"ಯಾಕ್ರಿ ಸಾಹೇಬ್ರ, ಮೈಯಾಗ ಆರಾಮ ಇಲ್ಲೇನ್ರಿ?"