ಆನೆ ಸಿನಿಮಾ ಮಳವಳ್ಳಿಗೆ ಬಂದಾಗ

ಟಾಕೀಸಿನ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವವನಿಗೆ ಸಿನಿಮಾ ನೋಡಲು ಪುರುಸೊತ್ತಿರುವುದಿಲ್ಲ. ನೋಡಲು ಬಂದವರನ್ನು ನೋಡುವುದರಲ್ಲೇ ಹೊತ್ತು ಹೋಗುತ್ತದೆ. ಎಪ್ಪತ್ತರ ದಶಕದಲ್ಲಿ ಮಳವಳ್ಳಿಯ ತಗಡಿನ ಸೂರಿನ ಒಂದು ಟಾಕೀಸಿನಲ್ಲಿ ನನಗೆ ಅದೇ ಕೆಲಸ. ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತಿತ್ತು. ಆ ತಮಿಳು ಸಿನಿಮಾ ಬಂದಾಗ ಮಾತ್ರ ದಿನಕ್ಕೊಂದು ನಡೆಯಿತು. ಒಂದು ಸಂಸಾರ, ಅವರು ಮಗಳ ಹಾಗೆ ಸಾಕಿದ ಹೆಣ್ಣಾನೆ, ಆನೆಯನ್ನು ಕಂಡರಾಗದ ಹಿರೀ ಸೊಸೆ. ಕಥೆ ಇಷ್ಟೆ.

ಮೈಕಿನ ಮೇಷ್ಟ್ರು

ನಮ್ಮ ಜನಕ್ಕೆ ತಮಿಳು ತಿಳಿಯುವುದಿಲ್ಲವೆಂದು ಮಾಲೀಕರು ಒಬ್ಬ ನಿವೃತ್ತ ಮೇಷ್ಟ್ರ ಕೈಗೆ ಮೈಕು ಕೊಟ್ಟು ಪರದೆ ಪಕ್ಕ ಕೂರಿಸಿದರು. "ನಾನು ಸೇಲಂನಲ್ಲಿ ಇದ್ದವನು" ಎಂದು ಮೇಷ್ಟ್ರೇ ಹೇಳಿಕೊಂಡಿದ್ದರು.

ಮೊದಲ ದಿನವೇ, ಸೊಸೆ ಕೂಗಾಡಿ ಆನೆಯನ್ನು ಮನೆಯಿಂದ ಆಚೆ ಹಾಕಿಸುವ ಜಾಗ ಬಂತು. ಮೇಷ್ಟ್ರು ಮೈಕನ್ನು ಬಾಯಿಗೆ ಹತ್ತಿರ ಹಿಡಿದು, "ಆನೆ ವಯಸ್ಸಿಗೆ ಬಂದಿದೆ, ಮದುವೆ ಮಾಡಿ ಕಳಿಸಿಬಿಡೋಣ ಅಂತಿದ್ದಾಳೆ" ಎಂದರು. ಜನಕ್ಕೆ ಖುಷಿಯಾಯಿತು. ಪರದೆ ಮೇಲೆ ಮನೆಮಂದಿಯೆಲ್ಲ ಅಳುತ್ತಿದ್ದರೆ ಇಲ್ಲಿ ಶಿಳ್ಳೆ. ಒಬ್ಬನಿಗೆ ಮಾತ್ರ ಅನುಮಾನ. "ಮದ್ವೆ ಅಂದ್ಮೇಲೆ ಯಾಕ್ಲಾ ಇಂಗ್ ಅಳ್ತಾವ್ರೆ?" ಎಂದ. ಹಿಂದೆ ಕೂತಿದ್ದ ಅಜ್ಜಿ ಗದರಿದಳು: "ಎಣ್ಣು ಕಳ್ಸೋ ಮನೇಲಿ ಅಳ್ದೆ ನಗ್ತಾರಾ? ಸುಮ್ಕಿರ್ಲಾ."

ಆಟ ಬಿಟ್ಟ ಮೇಲೆ ಮಾಲೀಕರು ವಿಚಾರಿಸಿದರು. ಮೇಷ್ಟ್ರು ಸೇಲಂನಲ್ಲಿ ಇದ್ದದ್ದು ನಿಜವೇ. ನಾಲ್ಕು ದಿನ, ಜ್ವರ ಬಂದು, ಆಸ್ಪತ್ರೆಯಲ್ಲಿ.

ಎತ್ತಿನ ಮೇಲೆ ಪ್ರೀತಿ

ಕಿರುಗಾವಲು ಕಡೆಯ ರೈತರೊಬ್ಬರು ಸಂತೆಗೆ ಬಂದವರು, ಒಂಟೆತ್ತಿನ ಗಾಡಿಯನ್ನು ಟಾಕೀಸಿನ ಮುಂದೆ ಬಿಟ್ಟು ಮ್ಯಾಟಿನಿಗೆ ಹೊಕ್ಕರು. ಹೊರಗೆ ಬಂದಾಗ ಹೆಗಲ ಮೇಲಿನ ಟವೆಲ್ಲು ಹಿಂಡಿದರೆ ನೀರು ಬರುವಂತಿತ್ತು. ಗಾಡಿ ಹೂಡಿದರು, ಆದರೆ ಹತ್ತಲಿಲ್ಲ. ಬಾರುಕೋಲನ್ನು ಚರಂಡಿಗೆ ಎಸೆದು ಎತ್ತಿನ ಕೊರಳು ತಬ್ಬಿಕೊಂಡರು.

"ಇವತ್ತಿಂದ ನಿನ್ ಮೇಲೆ ಕೈ ಎತ್ತಾಕಿಲ್ಲ ಕಣಪ್ಪ."

ಎತ್ತಿಗೆ ಹುಟ್ಟಿದಾಗಿನಿಂದ ಅಂಥ ಮರ್ಯಾದೆ ಸಿಕ್ಕಿರಲಿಲ್ಲ. ಅದು ಬೆದರಿ, ಕೊಸರಿಕೊಂಡು, ಗಾಡಿ ಸಮೇತ ಕಿರುಗಾವಲು ದಾರಿ ಹಿಡಿದು ಓಡಿತು. ಇವರು ಒಂದಷ್ಟು ದೂರ ಹಿಂದೆ ಓಡಿ, ಏದುಸಿರು ಬಿಡುತ್ತಾ ನನ್ನ ಹತ್ತಿರ ವಾಪಸು ಬಂದರು.

"ಸ್ವಾಮಿ, ಆ ಬಾರ್ಕೋಲು ಚರಂಡೀಲಿ ಎಲ್ಲಿ ಬಿತ್ತು, ನೋಡಿದ್ರಾ?"

ಬಂಡೂರಿನ ಟಗರು

ಕುರಿ ಮಾಂಸಕ್ಕೆ ಹೆಸರಾದ ಬಂಡೂರಿನ ಗೌಡರೊಬ್ಬರ ಹೆಂಡತಿ ಈ ಸಿನಿಮಾವನ್ನು ಮೂರು ಸಲ ನೋಡಿದರು. ಅವರ ಮನೆಯಲ್ಲಿ ಒಂದು ಟಗರನ್ನು ಕೊಬ್ಬಿಸಿ ಇಟ್ಟಿದ್ದರು. ಹೊಸ ಅಳಿಯ, ಮದ್ದೂರಿನಲ್ಲಿ ಆಫೀಸು ಕೆಲಸದವನು, ಮೊದಲ ಸಲ ಊಟಕ್ಕೆ ಬರುವವನಿದ್ದ. ಆ ದಿನ ಬಂದಾಗ ಆಯಮ್ಮ ಟಗರಿನ ಹಗ್ಗ ಹಿಡಿದು ಬಾಗಿಲಿಗೆ ಅಡ್ಡ ನಿಂತರು.

"ಇದು ಈ ಮನೆ ಮಗ. ಇದಕ್ಕೆ ಕತ್ತಿ ತೋರ್ಸುದ್ರೆ ನಾನು ತವರಿಗೆ ಓಯ್ತೀನಿ."

ಅಳಿಯನಿಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಬಂಡೂರಿಗೆ ಬಂದು ಸೊಪ್ಪು ತಿಂದ ಮೊದಲ ಅಳಿಯ ತಾನೇ ಇರಬೇಕೆಂದು ಅವನ ಮುಖ ಊದಿತು. "ನಾನೇನು ತಪ್ಪು ಮಾಡಿದೆ ಮಾವ?" ಎಂದ. ಗೌಡರು ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡರು. "ಬನ್ನಿ, ಆ ಸಿನಿಮಾ ಒಂದ್ ಕಿತ ನೋಡ್ಬುಡಿ, ನಿಮ್ಗೇ ಗೊತ್ತಾಯ್ತದೆ" ಎಂದು ಮಳವಳ್ಳಿಗೆ ಕರೆತಂದರು. ಇದನ್ನೆಲ್ಲ ನನಗೆ ಹೇಳಿ, ಅಳಿಯನನ್ನು ಒಳಗೆ ಕಳಿಸಿ, ತಾವು ಬಾಗಿಲಲ್ಲೇ ಬೀಡಿ ಸೇದುತ್ತಾ ಕೂತರು.

ಆಟ ಬಿಟ್ಟಿತು. ಅಳಿಯ ಬಂದ, ಕಣ್ಣು ಕೆಂಪಗೆ.

"ಅತ್ತೆ ಹೇಳಿದ್ದು ಸರಿ ಮಾವ," ಎಂದ. "ಆ ಟಗರನ್ನು ಮುಟ್ಟಬಾರದು."

ಗೌಡರ ಎದೆಯಿಂದ ಭಾರ ಇಳಿಯಿತು. ಆ ಸಂತೋಷಕ್ಕೆ ನನ್ನನ್ನೂ ಸೇರಿಸಿಕೊಂಡು ಬಸ್ ಸ್ಟ್ಯಾಂಡಿನ ಮಿಲ್ಟ್ರಿ ಹೋಟೆಲಿಗೆ ಕರೆದೊಯ್ದರು. ಮೂರು ತಟ್ಟೆ ಮಟನ್ ಬಂತು. ಅಳಿಯ ತುತ್ತು ಎತ್ತಿ, ಅಲ್ಲೇ ತಡೆದು, ಮಾವನ ಮುಖ ನೋಡಿದ. ಕಣ್ಣು ಇನ್ನೂ ಒದ್ದೆಯಾಗಿತ್ತು.

ಗೌಡರು ತಟ್ಟೆಯನ್ನು ಅವನ ಕಡೆಗೆ ಇನ್ನಷ್ಟು ಸರಿಸಿದರು.

"ಉಣ್ಣಿ ಅಳಿಯಂದ್ರೆ. ಇದು ನಮ್ಗೆ ಗುರ್ತಿಲ್ದ ಟಗರು."