ಇಂಗ್ಲಿಷಿನಲ್ಲೇ ಯೋಚಿಸಿ!

ಎಂಬತ್ತರ ದಶಕದ ಮಾತು. ಇಂಗ್ಲಿಷ್ ಪಠ್ಯವನ್ನು ಆಧುನಿಕಗೊಳಿಸಬೇಕೆಂದು ವಿಶ್ವವಿದ್ಯಾಲಯಕ್ಕೆ ಇದ್ದಕ್ಕಿದ್ದಂತೆ ಅನ್ನಿಸಿ, ಅಧ್ಯಾಪಕರ ಅಭಿಪ್ರಾಯ ಕೇಳಲು ಸಭೆ ಕರೆಯಿತು. ನಾನು ಜಗಳೂರಿನಲ್ಲಿ ಇಂಗ್ಲಿಷ್ ಲೆಕ್ಚರರು. ಹೆಂಡತಿ ಗಿರಿಜೆ ಹೊನ್ನಾಳಿಯಲ್ಲಿ ಕನ್ನಡ ಮೇಡಂ. ನಮ್ಮ ಸಂಸಾರವೆಲ್ಲ ಶನಿವಾರದ ಬಸ್ಸನ್ನು ನಂಬಿಕೊಂಡಿತ್ತು. ಹೊಸ ಪಠ್ಯದ ಮೊದಲ ಪ್ರಯೋಗ ಹೊನ್ನಾಳಿಯಲ್ಲಂತೆ, ಸಭೆಯಲ್ಲಿ ಮಿಂಚಿದವರನ್ನು ಅಲ್ಲಿಗೆ ವರ್ಗ ಮಾಡುತ್ತಾರಂತೆ ಎಂಬ ಸುದ್ದಿ ಸಿಕ್ಕಿತು. ಮಿಂಚುವುದರಲ್ಲಿ ನನ್ನನ್ನು ಮೀರಿಸುವವರು ಯಾರು?

ಸಭೆಯಲ್ಲಿ ಅಭಿಪ್ರಾಯಗಳಿಗೆ ಬರವಿರಲಿಲ್ಲ. ಹಳೆಯ ನಾಟಕ ತೆಗೆಯಿರಿ ಎಂದರು ಒಬ್ಬರು. ಅವರು ಅದನ್ನು ಪಾಠ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ವ್ಯಾಕರಣವೇ ಬೇಡವೆಂದರು ಇನ್ನೊಬ್ಬರು. ಅದು ಅವರ ಮಾತಿನಲ್ಲೇ ಗೊತ್ತಾಗುತ್ತಿತ್ತು. ನಾನು ಎದ್ದು ಮೇಜು ಗುದ್ದಿದೆ. ನಮ್ಮ ಹುಡುಗರು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬಾಯಿ ಬಿಡುತ್ತಾರೆ, ಇದೇ ರೋಗ. ಇಂಗ್ಲಿಷಿನಲ್ಲೇ ಯೋಚಿಸುವುದನ್ನು ಕಲಿಸುವುದೇ ಆಧುನಿಕತೆ ಎಂದು ಘೋಷಿಸಿದೆ. ಚಪ್ಪಾಳೆ! ಚನ್ನಗಿರಿಯ ಲೆಕ್ಚರರು ರುದ್ರಪ್ಪನವರು ಮಾತ್ರ ಬಾಯಿತುಂಬ ಎಲೆಅಡಿಕೆ ಹಾಕಿಕೊಂಡು, ಅಭಿಪ್ರಾಯವನ್ನೂ ಅದರ ಜೊತೆಗೇ ಅಗಿಯುತ್ತಾ ಕೂತಿದ್ದರು.

ಕೊನೆಗೆ ಸಭೆಯ ಅಧ್ಯಕ್ಷರು, ಮಾತಾಡಿದ್ದಕ್ಕೆ ನನ್ನನ್ನೂ ಮಾತಾಡದಿದ್ದಕ್ಕೆ ರುದ್ರಪ್ಪನವರನ್ನೂ ಹತ್ತಿರ ಕರೆದರು. ಅವರೋ ವಿಲಾಯಿತಿಯಲ್ಲಿ ಓದಿ ಬಂದವರು. "ಹೊನ್ನಾಳಿಗೆ ಹೋಗಲು ನಿಮಗೆ ಅಭ್ಯಂತರವಿಲ್ಲವೇ?" ಎಂದು ಅಚ್ಚ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು. ಅಭ್ಯಂತರವೇ? ರೋಗಿ ಬಯಸಿದ್ದೂ ಹಾಲು ಅನ್ನ! "ಎಸ್ ಸಾರ್" ಎಂದೆ. ಅವರು ಹುಬ್ಬೇರಿಸಿ ಮತ್ತೊಮ್ಮೆ ಕೇಳಿದರು. ನಾನು ಇನ್ನೂ ಜೋರಾಗಿ ಎಸ್ ಎಂದೆ. ಅವರು ಮೂಗಿನಲ್ಲೇ ಏನೋ ಅಂದರು. ಅರ್ಥವಾಗದ್ದಕ್ಕೆಲ್ಲ ಥ್ಯಾಂಕ್ಯೂ ಅನ್ನುವುದು ನನ್ನ ಪದ್ಧತಿ, ಅದನ್ನೂ ಅಂದೆ. ರುದ್ರಪ್ಪನವರಿಗೂ ಅದೇ ಪ್ರಶ್ನೆ. ಬಾಯಿ ತೆರೆಯುವಂತಿರಲಿಲ್ಲ, ಪಾಪ, ತಲೆಯನ್ನು ಅತ್ತಿತ್ತ ಆಡಿಸಿದರು.

ಗಿರಿಜೆ ತನ್ನ ಒಂಟಿ ಕೋಣೆ ಬಿಟ್ಟು, ಸಂಸಾರಕ್ಕಾಗುವಂಥ ಮನೆ ಹಿಡಿದಳು. ಓಣಿಗೆಲ್ಲ ಮೈಸೂರುಪಾಕು ಹಂಚಿಯಾಯಿತು. ಆಮೇಲೆ ವರ್ಗದ ಆದೇಶವೂ ಬಂತು. ರುದ್ರಪ್ಪನವರಿಗೆ! ಅವಳು ಬಿಟ್ಟ ಕೋಣೆಯನ್ನೂ ಅವರೇ ಹಿಡಿದರು.

ಅಧ್ಯಕ್ಷರ ಬಳಿಗೆ ಓಡಿದೆ. ಅಭ್ಯಂತರವಿದೆಯೆಂದು ನೀವೇ ಎರಡೆರಡು ಸಲ ಹೇಳಿದಿರಿ, ಹಾಗಿದ್ದರೆ ಒತ್ತಾಯವಿಲ್ಲ ಎಂದದ್ದಕ್ಕೆ ಥ್ಯಾಂಕ್ಯೂ ಬೇರೆ ಅಂದಿರಿ ಎಂದು ಅವರು ಬಲು ಸೌಜನ್ಯದಿಂದ ವಿವರಿಸಿದರು.

ಹೊನ್ನಾಳಿಗೆ ಬಂದು ಗಿರಿಜೆಗೆ ವರದಿ ಒಪ್ಪಿಸಿದೆ. ಅವಳಿಗೆ ನನ್ನ ತಪ್ಪೇ ಕಾಣಲಿಲ್ಲ.

"ಅಭ್ಯಂತರ ಇಲ್ಲೇನ್ರಿ ಅಂದ್ರೆ ಹೌದು ಅಂತೀವಿ. ಅದ್ರಾಗೆ ತಪ್ಪೇನೈತೆ?"

ಕನ್ನಡದಲ್ಲಿ ಅದು ಸರಿ; ಇಂಗ್ಲಿಷಿನಲ್ಲಿ 'ನೋ' ಎಂದರೆ ಅಭ್ಯಂತರವಿಲ್ಲ, 'ಎಸ್' ಎಂದರೆ ಇದೆ ಎಂದು ಪಾಠ ಮಾಡಿದೆ. ಅವಳು ಹೊಸ ಮನೆಯ ಖಾಲಿ ಪಡಸಾಲೆಯನ್ನೊಮ್ಮೆ ನೋಡಿದಳು. ಕಣ್ಣು ತುಂಬಿತ್ತು.

"ಹಂಗಾದ್ರೆ ನಿಮಗೆ ಇಂಗ್ಲಿಷ್ ಬರಾದಿಲ್ಲೇನ್ರಿ?"

ಈ ಸಲವಾದರೂ ಎಡವಬಾರದು ಎಂದುಕೊಂಡೆ. ಅಕ್ಷರಶಃ ಇಂಗ್ಲಿಷಿನಲ್ಲೇ ಯೋಚಿಸಿ, ಬರುತ್ತದೆ ಎಂಬ ಅರ್ಥದಲ್ಲಿ, ಗಂಭೀರವಾಗಿ "ಎಸ್" ಎಂದೆ.

ಅವಳು ಅದನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡಳು.