ಹೀರೆಯ ಕಡೆಯೋ, ಬದನೆಯ ಕಡೆಯೋ

ಯಾವುದಾದರೂ ಒಂದನ್ನು ಆರಿಸಿಕೋ ಎಂದು ಯಾರಾದರೂ ಹೇಳಿದರೆ ಸಾಕು, ನನ್ನ ಅಂಗೈ ಬೆವರುತ್ತದೆ. ಹೋಟೆಲಿನಲ್ಲಿ ಮಾಣಿ ಬಂದು ನಿಂತಾಗ ಪಕ್ಕದ ಮೇಜಿನ ತಟ್ಟೆ ನೋಡಿ "ಅದನ್ನೇ ಕೊಡ್ರಿ" ಎನ್ನುವವಳು ನಾನು. ಶಾಲೆಯಲ್ಲಿ ‘ಸರಿಯಾದ ಉತ್ತರ ಆರಿಸಿ ಬರೆಯಿರಿ’ ಎಂದು ಪ್ರಶ್ನೆ ಕೊಡುವಾಗಲೆಲ್ಲ ಮಕ್ಕಳ ಮೇಲೆ ನನಗೇ ಕನಿಕರ ಉಕ್ಕುತ್ತದೆ. ಇಂಥವಳಿಗೆ, ರಾಯಚೂರಿನಲ್ಲಿ ಮನೆ ಬದಲಿಸಿದಾಗ, ಹಿತ್ತಲಿನಲ್ಲಿ ಎರಡು ಮಂಚ ಹಿಡಿಯುವಷ್ಟು ಮಣ್ಣಿನ ಜಾಗ ಸಿಕ್ಕಿಬಿಟ್ಟಿತು. ಮನೆಯ ನೀರಿನಲ್ಲಿ ಅಷ್ಟಿಷ್ಟು ಉಳಿಸಿ ಹಾಕಿದರೆ ಏನಾದರೂ ಒಂದು ಬೆಳೆದೀತು. ಆ ‘ಏನಾದರೂ ಒಂದು’ ಯಾವುದು ಎನ್ನುವುದೇ ಪೇಚಾಟ.

ಸುದ್ದಿ ದೇವದುರ್ಗ ಮುಟ್ಟಿತು. ಅತ್ತೆಯವರ ಫೋನು ಬಂತು. "ಸುಮಾ, ಹೀರಿಕಾಯಿ ಹಚ್ಚವ್ವ. ನಮ್ಮ ಮನಿ ಬೀಜ ಅದಾವ, ಬರೋರ ಕೈಯಾಗ ಕಳಸ್ತೀನಿ. ಚಪ್ಪರ ಹಾಕಿದ್ರ ಹಿತ್ತಲಕ್ಕ ನೆಳ್ಳೂ ಆಗ್ತದ." ನಾನು "ಹೂಂ ರೀ" ಎಂದೆ. ಮರುದಿನ ಮಾನ್ವಿಯಿಂದ ಅವ್ವನ ಫೋನು. "ಬದನಿ ಸಸಿ ಮಾಡೀನಿ, ತಗೊಂಡು ಹೋಗು. ಆ ಪ್ಯಾಟಿ ಬದನಿಕಾಯಿ ತಿಂದು ನಿಮ್ಮ ಬಾಯಿ ಕೆಟ್ಟಾವ." ಅದಕ್ಕೂ "ಹೂಂ" ಎಂದೆ.

"ತರಕಾರಿಗೆ ಇಷ್ಟು ಚಿಂತಿ ಮಾಡಾಕಿ ನೀ ಒಬ್ಬಾಕಿನ ನೋಡು" ಎಂದು ನಮ್ಮವರು ನಕ್ಕರು. ಅವರಿಗೆ ನಮ್ಮ ಮದುವೆಯ ಊಟ ಮರೆತುಹೋಗಿದೆ. ಅಂದು ಪಂಕ್ತಿಯಲ್ಲಿ ಕುಳಿತ ಅತ್ತೆಯವರು ಅವ್ವ ಕೈಯಾರೆ ಮಾಡಿದ ಬದನೆಯ ಎಣ್ಣೆಗಾಯಿ ಬಾಯಿಗಿಟ್ಟು, "ಉಪ್ಪು ಜರಾ ಮುಂದಾತು" ಎಂದಿದ್ದರು. ಹಿಂದೆ ನಿಂತಿದ್ದ ನಮ್ಮವ್ವ ಅದನ್ನು ಕೇಳಿಸಿಕೊಂಡಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ವಿಚಾರಿಸುವುದು ನನ್ನ ಮೂಲಕವೇ. "ನಿಮ್ಮತ್ತಿಯಾರು ಆರಾಮದಾರೇನು?" ಎಂದು ಅವ್ವ, "ನಿಮ್ಮವ್ವಗ ಮಂಡಿನೋವು ಕಡಿಮಿ ಆತೇನು?" ಎಂದು ಅತ್ತೆ. ಈಗ ನಾನು ಬರೀ ಬದನೆ ಹಚ್ಚಿದರೆ ಅತ್ತೆಯವರನ್ನು ಚುಚ್ಚಿದ ಹಾಗೆ. ಬರೀ ಹೀರೆ ಹಚ್ಚಿದರೆ ಉಪ್ಪು ಮುಂದಾಗಿದ್ದು ನಿಜವೆಂದು ಮಗಳೇ ಒಪ್ಪಿಕೊಂಡ ಹಾಗೆ. ಪಕ್ಕದ ಮನೆಯ ಮೆಹಬೂಬ್‌ಬಿ ಗೋಡೆಯ ಆಚೆಯಿಂದಲೇ ಪರಿಹಾರ ಸೂಚಿಸಿದರು. "ಎರಡೂ ಬ್ಯಾಡ ಟೀಚರ್, ಪುದೀನಾ ಹಚ್ಚರಿ. ಪುದೀನಾ ಸಲುವಾಗಿ ಯಾರೂ ಜಗಳ ಆಡಂಗಿಲ್ಲ." ಅಷ್ಟು ಧೈರ್ಯ ನನಗೆಲ್ಲಿಂದ ಬರಬೇಕು?

ಕೊನೆಗೆ ಒಂದು ತುದಿಗೆ ಹೀರೆ, ಇನ್ನೊಂದು ತುದಿಗೆ ಬದನೆ ಹಚ್ಚಿ, ಇಬ್ಬರಿಗೂ ಅವರವರದನ್ನಷ್ಟೇ ಹೇಳಿದೆ. ಗಿಡ ಎದ್ದಮೇಲೆ ಇಬ್ಬರಿಗೂ ಫೋಟೋ ಬೇಕಾಯಿತು. ದೇವದುರ್ಗದ ಫೋಟೋದಲ್ಲಿ ಬದನೆಯ ಎಲೆ ಕಾಣಬಾರದು, ಮಾನ್ವಿಯ ಫೋಟೋದಲ್ಲಿ ಹೀರೆಯ ಹೂವು ಇಣುಕಬಾರದು. ಮೊಬೈಲು ಹಿಡಿದು ಮಣ್ಣಿನಲ್ಲಿ ಅಂಬೆಗಾಲಿಕ್ಕುತ್ತಿದ್ದೆ. ಆದರೆ ಹೀರೆಗೆ ನನ್ನ ಕಷ್ಟ ತಿಳಿಯಬೇಕಲ್ಲ? ಅದು ಚಪ್ಪರ ಬಿಟ್ಟು ಬದನೆಯ ಕಡೆಗೇ ಕೈ ಚಾಚುತ್ತಿತ್ತು. ದಿನಾ ಬೆಳಿಗ್ಗೆ ಅದರ ಕುಡಿಯನ್ನು ಬಿಡಿಸಿ ಆಚೆ ತಿರುಗಿಸಿ ಶಾಲೆಗೆ ಓಡುತ್ತಿದ್ದೆ. ಪಾಠ ಮಾಡುವಾಗಲೂ ಅದು ಎಲ್ಲಿಗೆ ಮುಟ್ಟಿತೋ ಎಂಬ ಆತಂಕ.

ಹೀಗಿರುವಾಗ ಕಣ್ಣು ತೋರಿಸಲೆಂದು ಅತ್ತೆಯವರು ಬಂದಿಳಿದರು. ಅದೇ ದಿನ, ನೆಂಟರ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆಂದು ರಾಯಚೂರಿಗೆ ಬಂದ ಅವ್ವ ಹೇಳದೆ ಕೇಳದೆ ನಮ್ಮ ಮನೆಯ ಬಾಗಿಲಲ್ಲಿ ನಿಂತಳು. ಇಬ್ಬರೂ ಹಿತ್ತಲಿಗೆ ಹೋದರು, ಎರಡೂ ತುದಿ ನೋಡಿದರು, ಕೈಕಾಲು ತೊಳೆದು ಊಟಕ್ಕೆ ಕುಳಿತರು. ನಾನು ತಲೆಯೆತ್ತದೆ ಇಬ್ಬರಿಗೂ ಬಡಿಸಿದೆ. ಮಧ್ಯಾಹ್ನ ತಲೆನೋವೆಂದು ಮಲಗಿಬಿಟ್ಟೆ.

ಸಂಜೆ ಚಹಾ ಹಿಡಿದು ಹಿತ್ತಲಿಗೆ ಹೋದರೆ ಇಬ್ಬರೂ ಆಗಷ್ಟೇ ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಬದನೆಯ ಜಾಗದಲ್ಲಿ ಬರೀ ಕುಳಿಗಳು. ಚಪ್ಪರದ ಮೇಲೆ ಹೀರೆಬಳ್ಳಿ ಹಿಂಡಿಹಾಕಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

"ಯವ್ವಾ, ಬದನಿ ಎಲ್ಲಿ?" ಎಂದೆ.

"ಕಿತ್ತುಬಿಟ್ಟೆ" ಎಂದಳು ಅವ್ವ. "ಎರಡಕ್ಕೂ ನೀರು ಎಲ್ಲಿ ತರ್ತಿ? ಅಕ್ಕಾರು ಅಷ್ಟು ಪ್ರೀತಿಲೆ ಬೀಜ ಕಳಿಸ್ಯಾರ, ಅವರ ಬಳ್ಳಿನ ಇರಲಿ ಅಂದೆ."

ಅತ್ತೆಯವರ ಕೈ ಎದೆಯ ಮೇಲೆ ಹೋಯಿತು. "ಅಯ್ಯ ನಮ್ಮವ್ವ! ನೀವು ಅಡ್ಡಾದಾಗ ನಾ ಬಂದು ಬಳ್ಳಿ ಬುಡ ಕೊಯ್ದೀನಲ್ರೀ! ನಿಮ್ಮ ಬದನಿಗೆ ನೆಳ್ಳು ಬೀಳಾಕತ್ತಿತ್ತಂತ."

ಬುಡ ಕತ್ತರಿಸಿದ ಬಳ್ಳಿ ಇನ್ನೂ ಹಸಿರಾಗಿಯೇ ಇದ್ದಾಗ ಅವ್ವ ಬದನೆ ಕಿತ್ತಿದ್ದಳು. ಹಾಗಾಗಿ ಅವಳಿಗೆ ತಿಳಿದಿರಲಿಲ್ಲ. ಕಣ್ಣು ಮಂಜಾದ ಅತ್ತೆಯವರಿಗೆ ಕಟ್ಟೆಯಿಂದ ಆ ಕುಳಿಗಳು ಕಂಡಿರಲಿಲ್ಲ. ಇಬ್ಬರೂ ಖಾಲಿ ಮಡಿಯನ್ನೇ ನೋಡಿದರು. ಅತ್ತೆಯವರು ಮೆಲ್ಲಗೆ, "ಅವತ್ತು ಆ ಉಪ್ಪಿನ ಮಾತು ನಾ ಆಡಬಾರದಿತ್ರಿ" ಎಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. "ಉಪ್ಪು ಮುಂದಾಗಿದ್ದು ಖರೇನ ಅಕ್ಕಾರ. ಗಡಿಬಿಡಿಯಾಗ ಎರಡ ಸಲ ಹಾಕಿದ್ದೆ!" ಇಬ್ಬರೂ ಕಣ್ಣೀರು ಬರುವ ತನಕ ನಕ್ಕರು. ನನಗೂ ಕಣ್ಣೀರು ಬಂತು, ಬೇರೆ ಕಾರಣಕ್ಕೆ. ನೀರು ಹೊತ್ತವಳು ನಾನಲ್ಲವೇ?

"ಇನ್ನ ನಿನಗ ಏನ್ ಬೇಕೋ ಅದನ್ನ ಹಚ್ಚು" ಎಂದರು ಅತ್ತೆಯವರು. "ನಾವು ನಡುವ ಬರಂಗಿಲ್ಲ" ಎಂದಳು ಅವ್ವ.

ಅಲ್ಲಿಗೆ ನನ್ನ ನಿಜವಾದ ಸಂಕಟ ಶುರುವಾಯಿತು. ಮೊನ್ನೆ ಬೀಜದಂಗಡಿಗೆ ಹೋದೆ. ಬೆಂಡೆ, ಚವಳಿ, ಮೆಂತ್ಯ, ಪುಂಡಿ ಎಂದು ಅಂಗಡಿಯವರು ಪೊಟ್ಟಣ ಹರಡಿ, "ಯಾವ್ದು ಕೊಡ್ಲಿರೀ?" ಎಂದರು. ಬದಿಗೆ ಸರಿದು ಅವ್ವನಿಗೆ ಫೋನು ಮಾಡಿದೆ, ಬ್ಯುಸಿ. ಅತ್ತೆಯವರಿಗೆ ಮಾಡಿದೆ, ಅದೂ ಬ್ಯುಸಿ. ಅರ್ಧ ತಾಸು ಬಿಟ್ಟು ಮತ್ತೆ ಮಾಡಿದರೂ ಎರಡೂ ಬ್ಯುಸಿಯೇ. ಇಬ್ಬರೂ ಯಾರ ಜೊತೆ ಮಾತಾಡುತ್ತಿದ್ದಾರೆಂದು ಆಗ ಹೊಳೆಯಿತು. ಹಿಂದೆ ನಿಂತಿದ್ದ ಗಿರಾಕಿಗೆ, "ನೀವು ಮೊದಲ ತಗೋರಿ, ನಂದು ಇನ್ನ ತಡ ಅದ" ಎಂದು ಜಾಗ ಬಿಟ್ಟೆ.